ಎರಡು ಕ್ಯಾನ್ ಹೆಚ್ಚಿಗೆ

“ಕೈ ಕೊಡಿ! ಮೊದಲು ಕೈ ಕೊಡಿ!”

ಅಪರಿಚಿತನೊಬ್ಬ ಓಡಿಬಂದು ಅವಳ ಮಣಿಕಟ್ಟು ಹಿಡಿದು ಲ್ಯಾಬಿನ ನಲ್ಲಿಯ ಕೆಳಗೆ ಒಡ್ಡಿದ. ಪೆರಾಕ್ಸೈಡ್ ತಾಗಿದ ಬೆರಳುಗಳು ಸುಣ್ಣ ಬಳಿದಂತೆ ಬಿಳಚಿಕೊಂಡಿದ್ದವು.

“ಉರೀತಿಲ್ವೇನ್ರೀ?”

“ಗೊತ್ತಾಗ್ತಿಲ್ಲ...”

ಅಮ್ಮ ತೀರಿಹೋದಾಗಿನಿಂದ ಅವಳಿಗೆ ಯಾವುದೂ ಗೊತ್ತಾಗುತ್ತಿರಲಿಲ್ಲ. ಊಟದ ರುಚಿಯೂ ತಾಗದು, ಅತ್ತಿಗೆಯ ಕೊಂಕೂ ತಾಗದು. ಕೊಂಕು ವ್ಯರ್ಥವಾಗುತ್ತಿದೆಯೆಂದು ಅತ್ತಿಗೆಗೇ ಬೇಸರ.

ಬಣ್ಣದ ಕಾರ್ಖಾನೆಯ ಕೆಂಪು ನೀರನ್ನು ತಿಳಿಗೊಳಿಸುವುದು ಅವಳ ಪ್ರಯೋಗ. ಆಸಿಡ್ ಬೆರೆಸಿದ ನೀರಿಗೆ ಅನ್ನಭೇದಿಯೆಂಬ ಕಬ್ಬಿಣದ ಲವಣ ಹಾಕಿ ಪೆರಾಕ್ಸೈಡ್ ಬಿಟ್ಟರೆ, ಆ ಕಬ್ಬಿಣ ಪೆರಾಕ್ಸೈಡನ್ನು ಒಡೆಯುತ್ತದೆ. ಆಗ ಹುಟ್ಟುವ ರಾಡಿಕಲ್ ಎಂಬ ಕಣಗಳು ಕಣ್ಣು ಮಿಟುಕಿಸುವಷ್ಟೂ ಬದುಕುವುದಿಲ್ಲ. ಅಷ್ಟರಲ್ಲೇ ಬಣ್ಣವನ್ನು ಕಚ್ಚಿ ಹರಿದಿರುತ್ತವೆ. ಅಷ್ಟು ಚುರುಕಿನವರು ಆ ಕಾರ್ಖಾನೆಯ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ.

ಕೈ ಹಿಡಿದವನು ಹೊಸ ಪಂಪ್ ಆಪರೇಟರ್. ಅಂದಿನಿಂದ ದಿನಕ್ಕೊಂದು ನೆಪ ಹುಡುಕಿ ಲ್ಯಾಬಿಗೆ ಬರುತ್ತಿದ್ದ.

ಮ್ಯಾನೇಜರ್ ನೋಡಲು ಬಂದ ದಿನ ಪ್ರಯೋಗದ ತೊಟ್ಟಿಯ ನೀರು ಗುಲಾಬಿಯಾಗಿಯೇ ಉಳಿಯಿತು!

“ನಾಳೆ ಇನ್ನೊಂದ್ಸಲ ನೋಡ್ತೀನಮ್ಮಾ. ಬಣ್ಣ ಹೋಗ್ಲಿಲ್ಲಾಂದ್ರೆ ಪ್ರಯೋಗಾನೂ ಬಂದ್, ನಿಮ್ಮ ಕೆಲ್ಸಾನೂ ಬಂದ್.”

ತೊಟ್ಟಿಯ ಹಿಂದೆ ಎರಡು ಖಾಲಿ ಪೆರಾಕ್ಸೈಡ್ ಕ್ಯಾನ್! ಅವಳು ಸುರಿದವಲ್ಲ. ತೊಟ್ಟಿಯ ಬೀಗದ ಕೈ ಇನ್ನೊಂದು ಇದ್ದದ್ದು ಆ ಪಂಪ್ ಆಪರೇಟರ್ ಹತ್ತಿರ ಮಾತ್ರ.

‘ಇವನಾ...?’

ನೇರ ಪಂಪ್ ಮನೆಗೆ ನುಗ್ಗಿದಳು.

“ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ನಾನೇನ್ರೀ ಮಾಡಿದ್ದೆ ನಿಮ್ಗೆ?”

ಆ ದನಿ ತನ್ನದೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

“ಅಯ್ಯೋ, ಇಲ್ರೀ... ಹೆಚ್ಚಿಗೆ ಸುರಿದ್ರೆ ಬೇಗ ತಿಳಿಯಾಗುತ್ತೆ, ನೀವು ಗೆಲ್ತೀರಿ ಅಂತ...”

“ಹೆಚ್ಚಾದ್ರೆ ಪೆರಾಕ್ಸೈಡೇ ಆ ರಾಡಿಕಲ್‌ಗಳನ್ನ ನುಂಗಿಬಿಡುತ್ತೆ ಕಣ್ರೀ! ಬಣ್ಣ ಕಚ್ಚೋಕೆ ಯಾರು ಉಳೀತಾರೆ?”

ಅವನು ತಲೆ ತಗ್ಗಿಸಿದ. “ನಿಮ್ಮ ಮುಖದಲ್ಲಿ ಒಂದ್ಸಲ ನಗು ನೋಡ್ಬೇಕಿತ್ತು. ನಿಮ್ಮನ್ನ ಕಂಡ್ರೆ... ನಂಗೆ ಅಷ್ಟು ಇಷ್ಟ.”

“ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ!”

“ಸುರಿಯೋಕೆ ಧೈರ್ಯ ಬಂತು, ಹೇಳೋಕೆ ಬರ್ಲಿಲ್ಲ. ಮ್ಯಾನೇಜರ್ ಹತ್ರ ಈಗ್ಲೇ ಹೋಗಿ ತಪ್ಪೊಪ್ಕೋತೀನಿ.”

“ಅದಿರ್ಲಿ. ನಾಳೆ ಕ್ಯಾನ್ ನೀವೇ ಹಿಡೀರಿ. ಸಾಕು ಅಂದಾಗ ನಿಲ್ಲಿಸಿ, ಅಷ್ಟೇ.”

ಮರುದಿನ ತೊಟ್ಟಿಗೆ ಹೊಸ ಕೆಂಪು ನೀರು ತುಂಬಿದರು. ಅವಳು ಸಾಕು ಎಂದಾಗ ಅವನು ನಿಲ್ಲಿಸಿದ. ಕೆಂಪು ಮಾಸಿತು, ಗುಲಾಬಿಯಾಯಿತು, ಕೊನೆಗೆ ತೊಟ್ಟಿಯ ತಳ ಕಂಡಿತು. ಮ್ಯಾನೇಜರ್ “ಹೂಂ” ಎಂದು ಹೊರಟರು; ಅವರ ಬಾಯಲ್ಲಿ ಅದೇ ಸನ್ಮಾನ.

ಕೈಗವಸು ಕಳಚಿ ಕ್ಯಾನಿನ ಮುಚ್ಚಳ ತಿರುಗಿಸುವಾಗ ಅಂಚಿನ ಹನಿಯೊಂದು ಅವಳ ಬೆರಳಿಗೆ ಇಳಿಯಿತು.

“ಸ್ಸ್... ಅಬ್ಬಾ!”

ಅವನು ನಲ್ಲಿ ತಿರುಗಿಸಿ ಕೈ ಹಿಡಿದ. “ಉರೀತಿದ್ಯಾ?”

“ಉರೀತಿದೆ ರೀ...!” ಕಣ್ಣಲ್ಲಿ ನೀರು, ತುಟಿಯಲ್ಲಿ ಅವನು ಎರಡು ಕ್ಯಾನ್ ಸುರಿದು ಕಾದಿದ್ದ ಆ ನಗು.

“ಕೈ ಬಿಡ್ಲಾ?”

“ನಲ್ಲಿ ಬೇಕಾದ್ರೆ ನಿಲ್ಲಿಸಿ,” ಎಂದಳು. “ಕೈ ಬಿಡ್ಬೇಡಿ.”