ಎಡಗಾಲು ಸುಮ್ಮನಿದ್ದ ದಿನ

ಬೌಂಡರಿ ಕಡೆ ನುಗ್ಗಿದ ಚೆಂಡನ್ನು ಅವಳು ಬಗ್ಗಿ ಕೈಯಲ್ಲಿ ಹಿಡಿದಳು. ಕೋಚ್ ಮೇಡಂ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಅಬ್ಬಾ! ಆರು ವರ್ಷ ಬೈದ ಮೇಲೆ ಬುದ್ಧಿ ಬಂತು ನೋಡು ಇವಳಿಗೆ!"

ವಾರವೆಲ್ಲ ಕ್ರಿಕೆಟ್, ಭಾನುವಾರ ಫುಟ್‌ಬಾಲ್. ಎರಡು ದೋಣಿಯ ಮೇಲೆ ಕಾಲಿಟ್ಟವಳು ಅಂತ ಟೀಮಿನವರು ಅವಳನ್ನು ದೋಣಿ ಎಂದೇ ಕರೆಯುತ್ತಿದ್ದರು. ಆದರೇನು, ಎರಡರಲ್ಲೂ ಎತ್ತಿದ ಕೈ! ಒಂದೇ ದೋಷ. ಚೆಂಡು ಉರುಳಿ ಬಂದರೆ ಸಾಕು, ಕೈಗಿಂತ ಮೊದಲು ಎಡಗಾಲು ಮುಂದೆ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಮೇಡಂ ಬೈದೂ ಬೈದೂ ಸುಸ್ತಾಗಿದ್ದರು.

ಇವತ್ತು ಮೇಡಂ ಮಾತಿಗೆ ಎಲ್ಲರೂ ನಕ್ಕರು, ಟೀಮಿನವರ ಗಾಯ ನೋಡುವ ಫಿಸಿಯೋ ಒಬ್ಬನೇ ನಗಲಿಲ್ಲ. ಬೌಂಡರಿ ಹಗ್ಗದಾಚೆ ನಿಂತು ಅವಳ ಎಡಗಾಲನ್ನೇ ನೋಡುತ್ತಿದ್ದ. ಇವತ್ತು ಅದು ಮುಂದೆ ಬಂದೇ ಇರಲಿಲ್ಲ.

"ಶೂ ಬಿಚ್ಚಿ," ಅಂದ, ತನ್ನ ಕೋಣೆಯಲ್ಲಿ ಅವಳನ್ನು ಕೂರಿಸಿ.

"ಏನೂ ಆಗಿಲ್ಲ ಡಾಕ್ಟ್ರೇ."

"ಬಿಚ್ಚಿ."

ಪಾದದ ಗಂಟು ನಿಂಬೆಹಣ್ಣಿನಷ್ಟು ಊದಿ ನೀಲಿಗಟ್ಟಿತ್ತು. ನಾಳೆ ಫೈನಲ್. ದೇಶದ ತಂಡ ಆರಿಸುವವರು ಇವಳ ಬೌಲಿಂಗ್ ನೋಡಲೆಂದೇ ಬರುತ್ತಿದ್ದರು. ನಾಲ್ಕು ಗಂಟೆಯೊಳಗೆ ಫಿಟ್‌ನೆಸ್ ಹಾಳೆ ಮೇಡಂ ಮೇಜಿಗೆ ಹೋಗಬೇಕು. ಗೋಡೆ ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

"ಟೇಪ್ ಸುತ್ತಿ, ಫಿಟ್ ಅಂತ ಬರೆದುಬಿಡಿ. ಹತ್ತೇ ಓವರ್. ನಿಮ್ಮ ದಮ್ಮಯ್ಯ."

"ಐದನೇ ಓವರ್‌ಗೇ ಗಂಟಿನ ಸ್ನಾಯು ಹರಿದುಹೋಗುತ್ತೆ. ಆಮೇಲೆ ಕ್ರಿಕೆಟ್ಟೂ ಇಲ್ಲ, ಫುಟ್‌ಬಾಲೂ ಇಲ್ಲ. ಪರವಾಗಿಲ್ವಾ?"

ಫೈನಲ್ ಮುಗಿಯೋವರೆಗೆ ಫುಟ್‌ಬಾಲ್ ಮುಟ್ಟಲ್ಲ ಅಂತ ಅವಳು ಮೇಡಂಗೆ ಮಾತು ಕೊಟ್ಟಿದ್ದಳು. "ಮೆಟ್ಟಿಲ ಮೇಲೆ ಜಾರಿದೆ," ಅಂದಳು.

"ಜಾರಿಲ್ಲ. ಭಾನುವಾರ, ಸೆಕೆಂಡ್ ಹಾಫ್. ನೀಲಿ ಜೆರ್ಸಿಯವಳು ಅಡ್ಡ ಬಂದು ಬೀಳಿಸಿದಳು. ಕುಂಟಿಕೊಂಡೇ ಎದ್ದು ಗೋಲ್ ಹೊಡೆದಿರಿ."

ಅವಳು ತಲೆಯೆತ್ತಿದಳು. "ನಿಮಗೆ ಹೇಗೆ ಗೊತ್ತು?"

ಅವನ ಕಿವಿ ಕೆಂಪಾಯಿತು. ಟೇಪಿನ ಸುರುಳಿಯನ್ನು ಸುಮ್ಮನೆ ತಿರುಗಿಸಿದ. "ಎರಡು ವರ್ಷದಿಂದ ಪ್ರತಿ ಭಾನುವಾರ ಗೋಲ್ ಹಿಂದೆ ಕೂರ್ತೀನಿ. ಕೊನೇ ಸಾಲು. ಟೋಪಿ ಹಾಕ್ಕೊಂಡು."

"ನನ್ನ ಕಾಲು ನೋಡೋಕಾ?"

"ಕಾಲು ನೋಡೋಕೆ ಸಂಬಳ ಕೊಡ್ತಾರೆ. ಭಾನುವಾರ ಬರೋದು ನಿಮ್ಮನ್ನ ನೋಡೋಕೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಹೇಳೋಕೆ ಇವತ್ತೇ ಬೇಕಿತ್ತಾ ಈ ಪುಣ್ಯಾತ್ಮನಿಗೆ! "ಹಾಗಿದ್ರೆ ನನಗೋಸ್ಕರ ಒಂದೇ ಒಂದು ಸುಳ್ಳು ಬರೀರಿ."

"ನಿಮಗೋಸ್ಕರಾನೇ ಬರೆಯಲ್ಲ." ಹಾಳೆಯನ್ನೂ ಪೆನ್ನನ್ನೂ ಅವಳ ಮುಂದೆ ಇಟ್ಟ. "ಆಟಗಾರರ ಹೇಳಿಕೆ ಅಂತ ಮೇಲೊಂದು ಸಾಲಿದೆ. ನಾನು ಮೊದಲು ಬರೆದ್ರೆ ನೀವು ಸಿಕ್ಕಿಬಿದ್ದ ಹಾಗೆ. ನೀವೇ ಬರೆದ್ರೆ ಒಪ್ಪಿಕೊಂಡ ಹಾಗೆ."

ಹತ್ತು ನಿಮಿಷ ಅವಳು ಪೆನ್ನು ಮುಟ್ಟಲಿಲ್ಲ. ಕೊನೆಗೆ ಬರೆದಳು, ಮಾತು ತಪ್ಪಿದ್ದನ್ನೂ ಸೇರಿಸಿ. ಕುಂಟುತ್ತಾ ತಾನೇ ಒಯ್ದು ಕೊಟ್ಟಳು.

ಮೇಡಂ ಎರಡು ಸಲ ಓದಿದರು. "ಈ ವರ್ಷ ದೇಶದ ತಂಡಕ್ಕೆ ನಿನ್ನ ಹೆಸರು ಕಳಿಸಲ್ಲ," ಅಂದರು. ಬಾಗಿಲ ಹತ್ತಿರ ಹೋದವಳನ್ನು ಮತ್ತೆ ಕರೆದರು. "ಕಾಲು ಸರಿ ಮಾಡ್ಕೊಂಡು ಬಾ. ನಿನ್ನ ಜಾಗಕ್ಕೆ ನೀನೇ ಹೋರಾಡು."

ಫೈನಲ್ ದಿನ ಅವಳು ಹಗ್ಗದಾಚೆ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವನು, ಐಸ್ ಚೀಲ ಹಿಡಿದು. ಅವಳ ಜಾಗದಲ್ಲಿ ಬೇರೆಯವಳು ಬೌಲ್ ಮಾಡುತ್ತಿದ್ದಳು. ಪ್ರತಿ ಎಸೆತಕ್ಕೂ ಇವಳು ಅವನನ್ನು ದುರುಗುಟ್ಟಿ ನೋಡುತ್ತಿದ್ದಳು.

ಅಷ್ಟರಲ್ಲಿ ಚೆಂಡೊಂದು ಬೌಂಡರಿ ದಾಟಿ ನೇರ ಇವರತ್ತಲೇ ಬಂತು. ಅವಳ ಎಡಗಾಲು ತಾನಾಗಿಯೇ ಎದ್ದಿತು. ಅವನು ಗಾಬರಿಯಿಂದ ತನ್ನ ಕಾಲನ್ನೇ ಅಡ್ಡ ಒಡ್ಡಿ, ಚೆಂಡಿನ ಏಟು ತಿಂದು, "ಅಯ್ಯಯ್ಯೋ!" ಅಂತ ಕುಣಿದಾಡಿದ.

ಅವಳು ಬಿದ್ದೂ ಬಿದ್ದೂ ನಕ್ಕಳು, ನಗುತ್ತಲೇ ಅತ್ತಳು. "ಕಾಲಲ್ಲಲ್ಲ ಕಣೋ ಪೆದ್ದ, ಕೈಯಲ್ಲಿ!" ಅಂದು ಐಸ್ ಚೀಲವನ್ನು ಅವನ ಕಾಲ ಮೇಲಿಟ್ಟಳು.

"ಬರೋ ಭಾನುವಾರ ನಮ್ಮ ಟೀಮಿನ ಮ್ಯಾಚಿದೆ," ಅಂದಳು ಕಣ್ಣೊರೆಸಿಕೊಳ್ಳುತ್ತಾ. "ನಾನು ಆಡೋ ಹಾಗಿಲ್ಲ. ಗೋಲ್ ಹಿಂದೆ, ಕೊನೇ ಸಾಲಲ್ಲಿ ನನಗೂ ಜಾಗ ಹಿಡಿದಿಡು. ಟೋಪಿ ಮಾತ್ರ ಮನೇಲಿ ಬಿಟ್ಟು ಬಾ."