ಗುಂಡು ನಾಪತ್ತೆ, ಮೀಸೆಗೆ ಗಂಡಾಂತರ

ಬೂದುಗುಂಬಳಕಾಯಿ ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಫಟ್!

"ನನ್ನೇ ಕಳ್ಳ ಅಂತಾವ್ನೆ! ಮಚ್ಚು ತತ್ತಾ ಯಶೋಧ!" ಗಂಜಾಂ ಲೋಕೇಶ ಹೆಂಡತಿಗೆ ಕೂಗಿದ.

"ಮಚ್ಚು ಪೂಜೇಲದೆ. ನಾಳೆ ಬೆಳಿಗ್ಗೆ ಗಂಟ ಮುಟ್ಟಂಗಿಲ್ಲ!"

ಆಯುಧಪೂಜೆ ನನ್ನ ಕುತ್ತಿಗೆ ಉಳಿಸಿತು ನೋಡಿ. ಬೈಕಿಗೆ ಕಿಕ್ ಹೊಡೆದೆ.

ನಾನು ಚಲುವರಾಜು. ಶ್ರೀರಂಗಪಟ್ಟಣದ ಸುತ್ತಮುತ್ತ ಎಮ್ಮೆ ಕಳೆದರೂ, ಟ್ರಾಕ್ಟರು ಕಳೆದರೂ ಹುಡುಕಿಕೊಡುವವನು ನಾನೇ. ಅವತ್ತು ಕಳೆದಿದ್ದು... ಒಂದು ಉಕ್ಕಿನ ಗುಂಡು. ನಿಂಬೆಹಣ್ಣಿಗಿಂತ ಚಿಕ್ಕದು!

ಪಾಲಹಳ್ಳಿ ನಿಂಗರಾಜು ಪಿನ್‌ಬಾಲ್ ಮಿಷಿನ್ ತರಿಸಿದ್ದ. ಮನೆಯಲ್ಲೇ ಆಡುವ ಮಾಡೆಲ್. ಗಾಜಿನೊಳಗೆ ಅವನ ನೆಚ್ಚಿನ ಹೀರೋನ ಸಿನಿಮಾ ಪೂರ್ತಿ... ವಿಲನ್, ಜೀಪು, ಬಾಂಬು. ಬಟನ್ ಒತ್ತಿದರೆ ಎರಡು ರೆಕ್ಕೆ ಗುಂಡನ್ನು ಚಿಮ್ಮಿಸುತ್ತವೆ. ಅದು ವಿಲನ್ನಿಗೆ ಬಡಿದರೆ ಹೀರೋ ಡೈಲಾಗ್ ಹೊಡೆಯುತ್ತಾನೆ.

ಅದರಲ್ಲಿ ಸೋತವನು ಮೀಸೆ ಬೋಳಿಸಬೇಕು ಅಂತ ಅಭಿಮಾನಿ ಸಂಘದ ಮುಂದೆ ನಿಂಗರಾಜು, ಲೋಕೇಶ ಇಬ್ಬರೂ ಪಂಥ ಕಟ್ಟಿದ್ದರು. ಸಂಜೆ ಐದಕ್ಕೆ ಆಟ. ಬೆಳಿಗ್ಗೆ ಒರೆಸಲು ನಿಂಗರಾಜು ಗಾಜು ತೆಗೆದಿಟ್ಟಿದ್ದ. ಬಂದು ನೋಡಿದರೆ ಗುಂಡು ಮಾಯ! ಮಿಷಿನ್ ಅವನದು, ಆಟ ನಡೆಯದಿದ್ದರೆ ಅವನೇ ಸೋತಂತೆ. ಹೀರೋ ತರಾನೇ ಹತ್ತು ವರ್ಷ ಸಾಕಿದ ಮೀಸೆ, ಪಾಪ! ಲಾಭ ಲೋಕೇಶನಿಗೇ ಅಂತ ಗಂಜಾಂಗೆ ಹೋಗಿ ಅವನನ್ನೇ ಕೇಳಿದ್ದೆ.

ಲೋಕೇಶ ತನ್ನ ಬೈಕಿನಲ್ಲಿ ನನ್ನ ಬೆನ್ನು ಹತ್ತಿದ. ಎರಡೂ ಬೈಕಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಹೈವೇಯಲ್ಲಿ ಜನ ಮೆರವಣಿಗೆ ಅಂದುಕೊಂಡು ದಾರಿ ಬಿಟ್ಟರು!

ಪಾಲಹಳ್ಳಿ. ಐದಕ್ಕೆ ಐದು ನಿಮಿಷ. ಸಂಘದವರೆಲ್ಲ ಹಾಜರ್. ಕಟಿಂಗ್ ಶಾಪಿನ ಕುಳ್ಳಯ್ಯನನ್ನೂ ಕರೆಸಿದ್ದರು.

"ಸಿಕ್ತೇನ್ಲಾ?" ನಿಂಗರಾಜು ಕೇಳಿದ.

"ಇಲ್ಲ ಕಣ್ಲಾ."

ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.

ಅವನ ತಾಯಿ ದೊಡ್ಡತಾಯಮ್ಮ ಪ್ರಸಾದದ ತಟ್ಟೆ ಹಿಡಿದು ಬಂದರು. "ಏನಪ್ಪಾ ಉಡುಕ್ತಾ ಇದ್ದೀಯೆ?"

"ಮಿಷಿನ್ ಗುಂಡು, ದೊಡ್ಡವ್ವ."

"ಅದಾ? ತೊಳ್ದು ದೇವ್ರ ಮುಂದೆ ಮಡಗಿವ್ನಿ. ಕಬ್ಣ ಅಲ್ವಾ? ಕುಡ್ಲುಗೂ ರಜ ಕೊಟ್ಟಿವ್ನಿ, ಅದುಕ್ಕೆ ಬ್ಯಾಡ್ವಾ?"

ದೇವರಮನೆಗೆ ನುಗ್ಗಿದೆ. ಕುಡುಗೋಲು, ಗುದ್ದಲಿ, ಗರಗಸದ ನಡುವೆ... ಕುಂಕುಮ ಇಟ್ಟುಕೊಂಡು ಕೂತಿತ್ತು ಗುಂಡು! ಕೈ ಚಾಚಿದೆ.

"ಮುಟ್ಟಿದ್ರೆ ಕೈ ಮುರ್ದಾಕ್ಬುಡ್ತೀನಿ! ನಾಳೆ ಪೂಜೆ ಎತ್ತೋಗಂಟ ಅದು ದೇವ್ರು."

ಮಚ್ಚಿಗೆ ಹೆದರದವನು ನಾನು. ಕೈ ಹಿಂದೆ ತೆಗೆದೆ.

ಲೋಕೇಶ ಕುಣಿದ. "ಸೋತೆ ಕಣ್ಲಾ ನಿಂಗ! ಕುಳ್ಳಯ್ಯ, ಬೋಳ್ಸು!"

ನಿಂಗರಾಜು ಕಣ್ಣು ಮುಚ್ಚಿದ.

ಕುಳ್ಳಯ್ಯ ಮಿಸುಕಲಿಲ್ಲ. "ಯಾವುದ್ರಲ್ಲಿ ಬೋಳ್ಸ್ಲಿ? ಕತ್ತಿ, ಕತ್ರಿ ಎಲ್ಲ ಪೂಜೇಲವೆ."

ಅವತ್ತು ತಾಲೂಕಿನ ಆಯುಧಕ್ಕೆಲ್ಲ ರಜೆ. ನನ್ನ ತಲೆಯನ್ನು ಮಾತ್ರ ಯಾರೂ ಪೂಜೆಗೆ ಇಟ್ಟಿರಲಿಲ್ಲ... ಆದರೂ ಅದು ಕೆಲಸ ಮಾಡಲಿಲ್ಲ!