ಹಸಿ ಕಾಗದದ ಅಚ್ಚು

"ಮತ್ತೆ ಹರೀತಾ?" ಮಗಾಲಿ ಬಾಗಿಲಲ್ಲೇ ನಿಂತು ಕೇಳಿದಳು.

ಎಮೆರಿಕ್ ಮೇಜಿನ ಪಕ್ಕ ನಿಂತಿದ್ದ. ಅವನ ಎರಡು ಕೈಗಳಲ್ಲೂ ಒದ್ದೆ ಕಾಗದದ ತುಂಡುಗಳು ಜೋತುಬಿದ್ದಿದ್ದವು. ಎರಡು ಸಾವಿರ ವರ್ಷದ ಕಲ್ಲು ತನಗೇನೂ ಗೊತ್ತಿಲ್ಲವೆಂಬಂತೆ ಮೇಜಿನ ಮೇಲೆ ಮಲಗಿತ್ತು.

"ನಾಲ್ಕನೇ ಸಲ! ಕಾಗದ ನೆನೆಸಿ ಕಲ್ಲಿನ ಮೇಲೆ ಹಾಸಿ, ಬ್ರಷ್‌ನಲ್ಲಿ ಬಡಿದು, ಪೂರ್ತಿ ಒಣಗೋವರೆಗೂ ಮುಟ್ಟಬಾರದು ಅಂತ ನನಗೆ ಹೇಳಿಕೊಟ್ಟವರೇ ನೀವು."

"ಗಾಳಿ ಜೋರಾಗಿತ್ತು. ಒಣಗಿದೆ ಅಂದ್ಕೊಂಡೆ."

ಮಗಾಲಿ ಹಣೆ ಒತ್ತಿಕೊಂಡಳು. ಈ ಮನುಷ್ಯನ ಜೊತೆ ಎರಡು ವರ್ಷದಿಂದ ಒಂದೇ ಲೇಖನ. ರೋನ್ ನದಿಯ ದಂಡೆಯಲ್ಲಿ ಸಿಕ್ಕ, ಫ್ರಾನ್ಸಿನ ಪ್ರಾಚೀನ ನಿವಾಸಿಗಳಾದ ಗಾಲ್ ಜನರ ಹರಕೆಯ ಕಲ್ಲು ಅದು. ಅದರ ಮೇಲಿನ 'ದೆದೆ' ಎಂದರೆ 'ಕೊಟ್ಟ'. ಮೊದಲ ಅಕ್ಷರವನ್ನು ಇಮ್ಮಡಿಸಿ ಭೂತಕಾಲ ಮಾಡುವ ಹಳೆಯ ರೂಢಿ. ಸಂಸ್ಕೃತದ 'ದದೌ' ಅದರ ನೆಂಟ ಎಂದು ಅವಳ ವಾದ. 'ಇಟ್ಟ' ಎಂಬ ಬೇರೆ ಧಾತುವಿನಿಂದಲೂ ಬಂದಿರಬಹುದು ಎಂದು ಅವನ ಅನುಮಾನ. ಕೊಟ್ಟನೋ ಇಟ್ಟನೋ ಎಂಬ ಜಗಳದಲ್ಲಿ ಎಷ್ಟೋ ಗುರುವಾರಗಳ ಕಾಫಿ ಆರಿ ತಣ್ಣಗಾಗಿತ್ತು. ಕೊನೆಗೆ ಎರಡನ್ನೂ ಬರೆದು ಮುಗಿಸಿದ್ದರು. ಉಳಿದದ್ದು ಸವೆದುಹೋದ ಕೊನೆಯ ಅಕ್ಷರವೊಂದೇ. ಅದನ್ನು ಓದಲು ಕಾಗದದಲ್ಲಿ ಮೂಡಿಸಿದ ಅಚ್ಚು ಬೇಕು.

"ಇವತ್ತು ಐದರೊಳಗೆ ಪತ್ರಿಕೆಗೆ ಕಳಿಸಲೇಬೇಕು," ಎಂದಳು.

"ಮುಂದಿನ ಸಂಚಿಕೆಗೆ ಕೊಟ್ಟರಾಯ್ತು ಬಿಡಿ."

"ಅಷ್ಟರಲ್ಲಿ ನಾನು ಇಲ್ಲಿರಲ್ಲ. ಈ ಲೇಖನ ಹೋಗದಿದ್ರೆ ತಿಂಗಳ ಕೊನೆಗೆ ನನ್ನ ಕೆಲಸ ಹೋಯ್ತು. ರೈಲು ಹತ್ತಿ ದೂರದ ಬ್ರೆಸ್ತ್‌ಗೆ, ಅಕ್ಕನ ಮನೆಗೆ ಹೋಗ್ತೀನಿ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಗಾಬರಿಬಿದ್ದು ಮೊದಲ ಸಾಲಿಂದ ತಿದ್ದೋಕೆ ಕೂರ್ತಿದ್ರಿ!"

ಎಮೆರಿಕ್‌ನ ಮುಖ ಬಿಳಿಚಿಕೊಂಡಿತು. ಆಮೇಲೆ ಬೀರುವಿನ ಕೆಳಗಿನ ಡ್ರಾಯರ್ ಎಳೆದು, ಒಂದು ಕಾಗದ ತೆಗೆದು ಅವಳ ಮುಂದಿಟ್ಟ.

ಒಣಗಿದ, ಎಲ್ಲೂ ಹರಿಯದ ಅಚ್ಚು. ಮೂಲೆಯಲ್ಲಿ ಅವನದೇ ಕೈಬರಹ: ಮಾರ್ಚ್ ಒಂಬತ್ತು. ಈಗ ಜೂನ್.

"ಇದು ಇದ್ದೂ... ಆಮೇಲಿನವೆಲ್ಲ?"

"ಹಸಿಯಿದ್ದಾಗಲೇ ಕಿತ್ತೆ. ಬೇಕೂಂತಲೇ." ಅವನ ಕಿವಿ ಕೆಂಪಾಗಿತ್ತು. "ಇದು ಮುಗಿದ್ರೆ ನೀವು ಗುರುವಾರ ಇಲ್ಲಿಗೆ ಬರಲ್ಲ. ನಿಮ್ಮ ಕೆಲಸದ ವಿಷಯ ಗೊತ್ತಿರಲಿಲ್ಲ. ಸತ್ಯವಾಗಿ."

ಮಗಾಲಿಗೆ ಬ್ರಷ್ ತೆಗೆದು ಎಸೆಯಬೇಕೆನಿಸಿತು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

"ಐದರ ಮೇಲೆ ಜಗಳ ಆಡ್ತೀನಿ. ಈಗ ದೀಪ ಹಿಡೀರಿ."

ಓರೆ ಬೆಳಕಿನಲ್ಲಿ ಇಬ್ಬರೂ ಅಚ್ಚಿನ ಮೇಲೆ ಬಗ್ಗಿದರು. ಅವಳ ಕೂದಲು ಅವನ ಕೆನ್ನೆಗೆ ತಾಗಿತು; ಅವನು ಉಸಿರು ಬಿಗಿಹಿಡಿದ. ಅಕ್ಷರ ಸ್ಪಷ್ಟವಾಗಿತ್ತು. ಐದಕ್ಕೆ ಎಂಟು ನಿಮಿಷ ಇರುವಾಗ ಲೇಖನ ಹೋಯಿತು.

ಆಗ ಅವಳು ಅವನತ್ತ ತಿರುಗಿದಳು.

"ಮೂರು ತಿಂಗಳು! 'ಮಗಾಲಿ, ಊಟಕ್ಕೆ ಬರ್ತೀರಾ' ಅನ್ನೋಕೆ ಬಾಯಿರಲಿಲ್ವಾ?"

"ಬರಲ್ಲ ಅಂದುಬಿಟ್ರೆ ಅಂತ..."

"ಅಯ್ಯೋ ದೇವರೇ! ಕಲ್ಲು ನೋಡೋಕೆ ಯಾರಾದ್ರೂ ಪ್ರತಿ ಗುರುವಾರ ಲಿಪ್‌ಸ್ಟಿಕ್ ಹಚ್ಕೊಂಡು ಬರ್ತಾರಾ?"

ಅವನು ಅವಳ ತುಟಿಗಳನ್ನು ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ನೋಡಿದವನಂತೆ ನೋಡಿದ. ಅವಳ ಸಿಟ್ಟು ಇಳಿಯಲಿಲ್ಲ. ಆದರೆ ದನಿ ಇಳಿಯಿತು.

"ಇನ್ನೂ ಯೋಚಿಸ್ತಾ ನಿಂತ್ರೆ ರೈಲು ಹತ್ತೇಬಿಡ್ತೀನಿ ನೋಡು."

ನೋಡಿ ಎನ್ನಲಿಲ್ಲ, ನೋಡು ಎಂದಳು. ಎಮೆರಿಕ್ ದೀಪ ಕೆಳಗಿಟ್ಟು, ಯೋಚಿಸುವುದನ್ನು ಬಿಟ್ಟ.